ತಾನೇ ಕಲಿಯುವ ಬಿಲ್ಲಿಂಗ್ ಸಾಫ್ಟ್‌ವೇರ್, ನಾವೇ ಜೋಡಿಸುವ ಸಾಫ್ಟ್‌ವೇರ್: ನಮ್ಮ ಗೊಬ್ಬರದ ಅಂಗಡಿಯಲ್ಲಿ ಉಳಿದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ. ಬಟನ್‌ಗಳನ್ನು ನಮಗೆ ಬೇಕಾದ ಜಾಗದಲ್ಲಿ ನಾವೇ ಕೂರಿಸಿಕೊಳ್ಳುವ ಸಾಫ್ಟ್‌ವೇರ್ ಈಗ ನಮ್ಮ ಅಂಗಡಿಯಲ್ಲಿ ಉಳಿದಿದೆ. ಅದಕ್ಕೂ ಮುಂಚೆ, ನಮ್ಮ ಕೆಲಸ ನೋಡಿ ತಾನೇ ಕಲಿತು ತಾನೇ ಬದಲಾಗುವ ಸಾಫ್ಟ್‌ವೇರ್ ಒಂದಕ್ಕೆ ಪೂರ್ತಿ ವರ್ಷದ ದುಡ್ಡು ಕಟ್ಟಿದ್ದೆ. ಐದನೇ ತಿಂಗಳಿಗೆ ಅದನ್ನು ಬಿಟ್ಟೆ. ಯಾಕೆ ಬಿಟ್ಟೆ ಅನ್ನೋದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮಂಥ ಅಂಗಡಿ ಇಟ್ಟುಕೊಂಡವರು ಇನ್ನೊಬ್ಬರಾದರೂ ಆ ದುಡ್ಡು ಉಳಿಸಿಕೊಳ್ಳಲಿ.

ಮಂಡ್ಯದಲ್ಲಿ ನಮ್ಮದು ಗೊಬ್ಬರ, ಬಿತ್ತನೆ ಬೀಜ, ಔಷಧಿ ಅಂಗಡಿ. ಕೌಂಟರ್‌ನಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರ ಮುಂದೆ ಕೂರುವವರು ಮೂವರು. ಬೆಳಿಗ್ಗೆ ಬಾಗಿಲು ತೆಗೆಯುವುದು ಮಾವ. ಹತ್ತೂವರೆಯಿಂದ ನಾನು. ಮಧ್ಯೆ ನಾನು ಎದ್ದರೆ, ಗೋಡೌನ್ ನೋಡಿಕೊಳ್ಳುವ ನಮ್ಮ ಹುಡುಗ. ಈ ಮೂವರ ವಿಷಯ ಮುಂದೆ ಮತ್ತೆ ಬರುತ್ತದೆ.

ಸಾಫ್ಟ್‌ವೇರ್‌ಗಳ ಹೆಸರು ಬರೆಯುತ್ತಿಲ್ಲ. ಹೆಸರಿಗಿಂತ ಅದು ಯಾವ ಜಾತಿಯದ್ದು ಅನ್ನೋದು ಮುಖ್ಯ. ಜಿಎಸ್‌ಟಿ, ಪ್ರಿಂಟ್, ಸ್ಟಾಕ್ ರಿಪೋರ್ಟ್ ಎಲ್ಲ ನಾವು ಇಲ್ಲಿಯವರೆಗೆ ಬಳಸಿದ ಮೂರರಲ್ಲೂ (ಹಳೆಯದು, ತಾನೇ ಕಲಿಯುವುದು, ಈಗಿನದು) ಸರಿಯಾಗಿಯೇ ಇವೆ. ಗೊಬ್ಬರಕ್ಕೆ 5%, ಕೀಟನಾಶಕಕ್ಕೆ 18% ಅಂತ ಒಂದು ಸಲ ತುಂಬಿಟ್ಟರೆ ಮುಗಿಯಿತು. ಆ ವಿಷಯ ಬಿಡೋಣ.

ಹಳೆಯದು ನಂಬರ್ ಸಾಫ್ಟ್‌ವೇರ್. ಹನ್ನೊಂದು ವರ್ಷ ನಡೆಯಿತು. ಯೂರಿಯಾ 1, ಡಿಎಪಿ 2, ಪೊಟ್ಯಾಷ್ 3, ಹೀಗೆ ಒಂದೊಂದು ಸಾಮಾನಿಗೆ ಒಂದೊಂದು ನಂಬರ್. ಮಾವ ಅರವತ್ತು ಎಪ್ಪತ್ತು ನಂಬರ್ ಬಾಯಿಪಾಠ ಮಾಡಿಕೊಂಡಿದ್ದರು. ಸ್ಕ್ರೀನ್ ಕಡೆ ನೋಡುತ್ತಲೇ ಇರಲಿಲ್ಲ. ನಂಬರ್, ಎಂಟರ್, ಎಷ್ಟು ಚೀಲ, ಎಂಟರ್. ರೈತರ ಜೊತೆ ಮಳೆ ಬೆಳೆ ಮಾತಾಡುತ್ತಲೇ ಬಿಲ್ ಮುಗಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಯೂರಿಯಾ ಒಂದು ದಿನವೂ 1 ಬಿಟ್ಟು ಅಲ್ಲಾಡಲಿಲ್ಲ. ಆಗ ಅದರ ಬೆಲೆ ನನಗೆ ಗೊತ್ತಿರಲಿಲ್ಲ.

ತೊಂದರೆ ಇದ್ದದ್ದು ಔಷಧಿಯಲ್ಲಿ. ಮುನ್ನೂರಕ್ಕೂ ಜಾಸ್ತಿ ಸಾಮಾನು. ಒಂದೇ ಔಷಧಿ ನಾಲ್ಕು ಕಂಪನಿಯದ್ದು, ಮೂರು ಸೈಜಿನದ್ದು. ಗೋಡೆಗೆ ನಂಬರ್ ಪಟ್ಟಿ ಅಂಟಿಸಿದ್ದೆವು. ಹುಡುಗ ಪ್ರತಿ ಬಿಲ್‌ಗೂ ಕತ್ತೆತ್ತಿ ಅದನ್ನು ನೋಡಬೇಕಿತ್ತು. ಕೊನೆಗೆ ಕಂಪ್ಯೂಟರ್ ಕೆಟ್ಟಿತು. ಹೊಸ ವಿಂಡೋಸ್‌ನಲ್ಲಿ ಆ ಸಾಫ್ಟ್‌ವೇರ್ ಓಡಲಿಲ್ಲ. ಅಲ್ಲಿಗೆ ಅದರ ಕಥೆ ಮುಗಿಯಿತು.

ಏಪ್ರಿಲ್‌ನಲ್ಲಿ ತಾನೇ ಕಲಿಯುವ ಸಾಫ್ಟ್‌ವೇರ್ ತಂದೆವು. ವರ್ಷಕ್ಕೆ ಆರೂವರೆ ಸಾವಿರ. ಮಾರುವವರು ಹೇಳಿದ್ದು ಇಷ್ಟೇ: "ನೀವು ಏನೂ ಸೆಟ್ ಮಾಡೋದು ಬೇಡ ಮೇಡಂ, ಅದೇ ನಿಮ್ಮನ್ನ ನೋಡ್ಕೊಂಡು ಕಲಿಯುತ್ತೆ." ಮೊದಲ ಪುಟದಲ್ಲಿ ಹನ್ನೆರಡು ದೊಡ್ಡ ಬಟನ್. ನಾವು ಜಾಸ್ತಿ ಮಾರುವ ಸಾಮಾನು ತಾನಾಗಿ ಅಲ್ಲಿಗೆ ಬಂದು ಕೂರುತ್ತದೆ. ಮಾರದೆ ಇದ್ದದ್ದು ಹಿಂದೆ ಸರಿಯುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ನನಗೆ ತುಂಬಾ ಇಷ್ಟ ಆಯಿತು. ಕಬ್ಬಿನ ಸಾಮಾನೆಲ್ಲ ಎರಡೇ ವಾರದಲ್ಲಿ ಕೈಗೆ ಸಿಗುವ ಹಾಗೆ ಮುಂದೆ ಬಂತು. ಹುಡುಕುವ ಜಾಗದಲ್ಲಿ "ಪೊ" ಅಂತ ಒತ್ತಿದರೆ ಸಾಕು, ಪೊಟ್ಯಾಷ್ ಮೊದಲು ಬರುತ್ತಿತ್ತು. ಕೆ.ಆರ್. ಪೇಟೆಯಲ್ಲಿರುವ ನಮ್ಮಕ್ಕನಿಗೂ ಇದನ್ನೇ ತಗೋ ಅಂದಿದ್ದೆ.

ಆಮೇಲೆ ಆಗಸ್ಟ್ ಬಂತು.

ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬುತ್ತಾ ಬಂದರೆ ನಮ್ಮ ಅಂಗಡಿಗೆ ಬರುವವರ ಬಾಯಲ್ಲೆಲ್ಲ ಅಡಿ ಲೆಕ್ಕವೇ. ಪೂರ್ತಿ ಮಟ್ಟ 124.80 ಅಡಿ. ಇವತ್ತು ಎಷ್ಟಾಯಿತು, ನಾಳೆ ಎಷ್ಟಾಗುತ್ತದೆ, ನಾಲೆಗೆ ಯಾವತ್ತು ಬಿಡುತ್ತಾರೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟರು ಅಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರೆಲ್ಲ ಒಟ್ಟಿಗೆ ಗದ್ದೆಗೆ ಇಳಿಯುತ್ತಾರೆ. ಒಟ್ಲು (ಸಸಿ ಮಡಿ) ಹಾಕುವವರು, ನಾಟಿಗೆ ಗದ್ದೆ ಹದ ಮಾಡುವವರು. ಹಿಂದಿನ ವಾರದವರೆಗೆ ನಾಗಮಂಗಲ ಕಡೆಯ ರಾಗಿ ಗಿರಾಕಿಗಳೇ ಜಾಸ್ತಿ ಇದ್ದ ಅಂಗಡಿಗೆ ಎರಡೇ ದಿನದಲ್ಲಿ ಭತ್ತದವರು ತುಂಬಿಕೊಳ್ಳುತ್ತಾರೆ. ಕೌಂಟರ್ ಮುಂದೆ ಕಾಲಿಡಲು ಜಾಗ ಇರುವುದಿಲ್ಲ.

ಆ ದಿನ ಬೆಳಿಗ್ಗೆಯಿಂದ ಮೊದಲ ಸಾಲಿನ ಎರಡನೇ ಬಟನ್ 10:26:26 ಅನ್ನುವ ಗೊಬ್ಬರದ್ದಾಗಿತ್ತು. ಮಧ್ಯಾಹ್ನದವರೆಗೆ ಅದನ್ನು ಎಷ್ಟು ಸಲ ಒತ್ತಿದೆನೋ ಲೆಕ್ಕ ಇಲ್ಲ. ಊಟಕ್ಕೆ ಎದ್ದೆ. ಮಾವ ಕೂತರು. ಆ ಅರ್ಧ ಗಂಟೆಯಲ್ಲಿ ಒಂದೇ ಊರಿನ ಐದಾರು ಜನ ಒಟ್ಟಿಗೆ ಬಂದು ಇನ್ನೊಂದು ಗೊಬ್ಬರ, 20:20:0:13 ತೆಗೆದುಕೊಂಡು ಹೋಗಿದ್ದಾರೆ. ಸಾಫ್ಟ್‌ವೇರ್ ಅದನ್ನು ಗಮನಿಸಿ ಎರಡೂ ಬಟನ್‌ಗಳ ಜಾಗ ಅದಲು ಬದಲು ಮಾಡಿದೆ. ಒಂದು ಸದ್ದಿಲ್ಲ, ಒಂದು ಸೂಚನೆ ಇಲ್ಲ. ಎರಡಕ್ಕೂ ಒಂದೇ ಬಣ್ಣ. ಎರಡರ ಹೆಸರೂ ಬರೀ ಅಂಕಿ.

ನಾನು ಕೈ ತೊಳೆದು ಬಂದು ಕೂತೆ. ಕಣ್ಣು ರೈತರ ಮುಖದ ಮೇಲೆ ಇತ್ತು, ಬೆರಳು ಎರಡನೇ ಬಟನ್‌ಗೆ ತಾನಾಗಿ ಹೋಯಿತು. ಹಾಗೆ ಮೂರು ಬಿಲ್ ತಪ್ಪಾದವು. ಇಬ್ಬರು ಲೋಡ್ ಹಾಕುವಾಗ ನೋಡಿಕೊಂಡು ಅಲ್ಲೇ ಹೇಳಿದರು. ಮೂರನೆಯವರು ಹೊಳಲು ಕಡೆಯ ಯಜಮಾನರು, ಆರು ಚೀಲ. ನಮ್ಮ ಹುಡುಗ ಬಿಲ್‌ನಲ್ಲಿ ಇದ್ದದ್ದನ್ನೇ ನೋಡಿ ಟ್ರ್ಯಾಕ್ಟರ್‌ಗೆ ಹಾಕಿಸಿದ. ಅವನ ತಪ್ಪೇನೂ ಇಲ್ಲ.

ಮರುದಿನ ಬೆಳಿಗ್ಗೆ ಅವರು ಆರೂ ಚೀಲ ವಾಪಸ್ ತಂದರು. "ಹತ್ತಿಪ್ಪತ್ತಾರು ಕೇಳುದ್ರೆ ಇಪ್ಪತ್ತಿಪ್ಪತ್ತು ಹಾಕ್ ಕಳ್ಸಿದ್ದೀಯಲ್ಲವ್ವಾ, ಎರಚ್ಬುಟ್ಟಿದ್ರೆ ಏನ್ ಗತಿ?" ಅಂದರು. ಜೋರು ಮಾಡಲಿಲ್ಲ. ಅದಕ್ಕೇ ನನಗೆ ಇನ್ನೂ ಕಷ್ಟ ಆಯಿತು. ಗೊಬ್ಬರದ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. 10:26:26 ಅಂದರೆ ನೂರು ಕೆಜಿಯಲ್ಲಿ 10 ಕೆಜಿ ಸಾರಜನಕ, 26 ರಂಜಕ, 26 ಪೊಟ್ಯಾಷ್. 20:20:0:13ರಲ್ಲಿ ಪೊಟ್ಯಾಷ್ ಸೊನ್ನೆ, ಕೊನೆಯ 13 ಗಂಧಕ. ನಾಟಿಗೆ ಮುಂಚೆ ಪೊಟ್ಯಾಷ್ ಕೊಟ್ಟಿದ್ದೇನೆ ಅಂದುಕೊಂಡ ಗದ್ದೆಗೆ ಒಂದು ಹಿಡಿ ಪೊಟ್ಯಾಷ್ ಕೂಡ ಹೋಗಿರುತ್ತಿರಲಿಲ್ಲ. ಎರಚುವ ಮುಂಚೆ ಅವರು ಚೀಲದ ಮೇಲಿನ ಅಂಕಿ ಓದಿದರು, ಅಷ್ಟೇ ಪುಣ್ಯ.

ಅಷ್ಟಕ್ಕೇ ಮುಗಿಯಲಿಲ್ಲ. ಸಬ್ಸಿಡಿ ಗೊಬ್ಬರದ ಪ್ರತಿ ಚೀಲವನ್ನೂ ಪಿಒಎಸ್ ಮಷಿನ್‌ನಲ್ಲಿ ರೈತರ ಆಧಾರ್, ಹೆಬ್ಬೆಟ್ಟು ತೆಗೆದುಕೊಂಡೇ ಮಾರಬೇಕು. 2018ರಿಂದ ದೇಶದ ಎಲ್ಲ ಕಡೆ ಹೀಗೇ. ಅಂದರೆ ಒಂದೇ ಚೀಲವನ್ನು ನಾವು ಎರಡು ಕಡೆ ಹೊಡೆಯುತ್ತೇವೆ, ಮಷಿನ್‌ನಲ್ಲಿ ಒಂದು ಸಲ, ಬಿಲ್‌ನಲ್ಲಿ ಒಂದು ಸಲ. ಮಷಿನ್‌ನಲ್ಲಿ ನಾನು ಹೆಸರು ಓದಿ ಆರಿಸಿದ್ದರಿಂದ ಅಲ್ಲಿ 10:26:26 ಅಂತ ಸರಿಯಾಗಿಯೇ ಬಿದ್ದಿತ್ತು. ಬಿಲ್‌ನಲ್ಲಿ ಬೇರೆ. ಗೋಡೌನ್‌ನಲ್ಲಿ ಹೋದದ್ದು ಬಿಲ್‌ನ ಪ್ರಕಾರ. ಕೃಷಿ ಇಲಾಖೆಯವರು ತಪಾಸಣೆಗೆ ಬಂದಾಗ ಮಷಿನ್ ಒಂದು ಹೇಳಿ ಗೋಡೌನ್ ಇನ್ನೊಂದು ಹೇಳಿದರೆ ಅದು ಲೈಸೆನ್ಸ್ ವಿಷಯ. ಎರಡು ರಾತ್ರಿ ಕೂತು ಆ ವಾರದ ಬಿಲ್‌ಗಳನ್ನೆಲ್ಲ ಒಂದೊಂದಾಗಿ ತಾಳೆ ನೋಡಿದೆ. ಆ ಮೂರು ಬಿಟ್ಟರೆ ಬೇರೆ ತಪ್ಪು ಸಿಗಲಿಲ್ಲ. ಆದರೆ ಸಿಗುವವರೆಗೆ, ಇಲ್ಲ ಅಂತ ಗೊತ್ತಾಗುವವರೆಗೆ, ಊಟ ಸೇರಲಿಲ್ಲ.

ಜಾಗ ಬದಲಾಗದ ಹಾಗೆ ಮಾಡಲು ಆಗುತ್ತಾ ಅಂತ ಫೋನ್ ಮಾಡಿ ಕೇಳಿದೆ. ಸೆಟ್ಟಿಂಗ್ಸ್ ಒಳಗೆ ಲಾಕ್ ಇದೆ ಅಂದರು. ಹಾಕಿದೆ. ಎಂಟು ದಿನ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಅಪ್‌ಡೇಟ್ ಆಗಿ ಲಾಕ್ ತಾನಾಗಿ ಬಿಟ್ಟುಕೊಂಡಿತ್ತು. ಮತ್ತೆ ಕೇಳಿದಾಗ, ಮೂವರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಳ್ಳಿ, ಆಗ ಒಬ್ಬೊಬ್ಬರ ಅಭ್ಯಾಸ ಬೇರೆ ಬೇರೆ ಕಲಿಯುತ್ತದೆ ಅಂದರು. ಮಾತು ಸರಿ. ಆದರೆ ಎದುರಿಗೆ ಇಪ್ಪತ್ತು ಜನ ನಿಂತಿರುವಾಗ ಮಾವ ಲಾಗೌಟ್ ಮಾಡಿ, ನಾನು ಪಾಸ್‌ವರ್ಡ್ ಹಾಕಿ ಕೂರುವುದು ನಡೆಯುವ ಕೆಲಸ ಅಲ್ಲ. ನಾನು ಎದ್ದ ಕುರ್ಚಿಯಲ್ಲಿ ಅವರು ಕೂರುತ್ತಾರೆ, ಅಷ್ಟೇ. ಹಾಗಾಗಿ ಸಾಫ್ಟ್‌ವೇರ್ ಕಲಿತದ್ದು ನನ್ನನ್ನೂ ಅಲ್ಲ, ಮಾವನನ್ನೂ ಅಲ್ಲ, ಹುಡುಗನನ್ನೂ ಅಲ್ಲ. ಮೂವರನ್ನೂ ಕಲಸಿ ಇಲ್ಲದ ಒಬ್ಬರನ್ನು ಕಲಿತಿತ್ತು.

ಇನ್ನೊಂದು ವಿಷಯ ನನಗೆ ಆಮೇಲೆ ಹೊಳೆಯಿತು. ಈ ಥರದ ಸಾಫ್ಟ್‌ವೇರ್ ನೋಡುವುದು ಎರಡೇ: ಯಾವುದನ್ನು ಎಷ್ಟು ಸಲ ಒತ್ತಿದರು, ಎಷ್ಟು ಇತ್ತೀಚೆಗೆ ಒತ್ತಿದರು. ದಿನಸಿ ಅಂಗಡಿಗೆ ಅದು ಸಾಕೇನೋ. ಅಕ್ಕಿ, ಬೇಳೆ, ಸಕ್ಕರೆ ವರ್ಷವಿಡೀ ಹೋಗುತ್ತವೆ. ನಮ್ಮಲ್ಲಿ ಸಾಮಾನು ನೀರಿನ ಜೊತೆ ಬದಲಾಗುತ್ತದೆ. ನಾಲೆಗೆ ನೀರು ಬಿಡುವ ಸುದ್ದಿ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ನನಗೆ ಹಿಂದಿನ ದಿನವೇ ಗೊತ್ತಿರುತ್ತದೆ. ಅದು ಭತ್ತಕ್ಕೆ ಹೊಂದಿಕೊಳ್ಳುವುದು ಅಂಗಡಿ ತುಂಬಿರುವಾಗಲೇ. ಯಾವ ದಿನ ಬಟನ್ ಅಲ್ಲಾಡಬಾರದೋ ಅದೇ ದಿನ ಜಾಸ್ತಿ ಅಲ್ಲಾಡುತ್ತದೆ. ಕೆಲಸ ಇಲ್ಲದ ದಿನ ಗಟ್ಟಿಯಾಗಿ ನಿಂತಿರುತ್ತದೆ.

ನನ್ನ ತಮ್ಮ ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಇದನ್ನೆಲ್ಲ ಹೇಳಿಕೊಂಡಾಗ ಅವನು, "ಅಕ್ಕಾ, ಇದು ಹಳೇ ಜಗಳ" ಅಂದ. ಮೈಕ್ರೋಸಾಫ್ಟ್ ಆಫೀಸ್ 2000ರಲ್ಲೇ ಇಂಥ ಮೆನು ಇತ್ತಂತೆ. ನಾವು ಬಳಸುವುದನ್ನು ಮಾತ್ರ ಮುಂದೆ ತೋರಿಸಿ, ಉಳಿದದ್ದನ್ನು ಬಾಣದ ಗುರುತಿನ ಹಿಂದೆ ಬಚ್ಚಿಡುತ್ತಿತ್ತು. 2007ರ ಆವೃತ್ತಿ ಬರುವ ಹೊತ್ತಿಗೆ ವರ್ಡ್, ಎಕ್ಸೆಲ್‌ನಲ್ಲಿ ಆ ಮೆನುಗಳೇ ಹೋಗಿ, ಬಟನ್‌ಗಳು ಮೇಲ್ಗಡೆ ಸಾಲಾಗಿ ನಿಲ್ಲುವ ರಿಬ್ಬನ್ ಬಂತು.

ಅವನು ಹೇಳಿದ ಎರಡು ಪ್ರಯೋಗ ನನಗೆ ಮನಸ್ಸಿಗೆ ನಾಟಿದವು. 1994ರಲ್ಲಿ ಆಂಡ್ರ್ಯೂ ಸಿಯರ್ಸ್, ಬೆನ್ ಶ್ನೈಡರ್‌ಮನ್ ಅನ್ನುವವರು ಪದೇ ಪದೇ ಬೇಕಾಗುವ ಕೆಲವನ್ನು ಮಾತ್ರ ಮೆನುವಿನ ಮೇಲ್ಭಾಗಕ್ಕೆ ತಂದು, ಉಳಿದದ್ದನ್ನು ಅದರ ಪಾಡಿಗೆ ಬಿಟ್ಟು ನೋಡಿದರು. ಹಿಡಿಯುವ ಸಮಯ 17ರಿಂದ 58% ಕಡಿಮೆ ಆಯಿತು. ಅಂದರೆ ಬೇಕಾದದ್ದನ್ನು ಮೇಲೆ ತರುವುದು ಒಳ್ಳೆಯದೇ. ಹಾಗಾದರೆ ನನ್ನ ಅಂಗಡಿಯಲ್ಲಿ ಯಾಕೆ ಎಡವಟ್ಟಾಯಿತು? ಅದಕ್ಕೆ ಎರಡನೇ ಪ್ರಯೋಗ. 2004ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಲಿಯಾ ಫಿಂಡ್ಲೇಟರ್ ಮತ್ತು ಜೊವಾನಾ ಮೆಕ್‌ಗ್ರೆನೆರ್ 27 ಜನರಿಗೆ ಮೂರು ಥರದ ಮೆನು ಕೊಟ್ಟರು. ಒಂದರಲ್ಲಿ ಮೇಲಿನ ನಾಲ್ಕು ಹೆಸರು ಅಲ್ಲಾಡುವುದಿಲ್ಲ. ಇನ್ನೊಂದರಲ್ಲಿ ಬಳಸುವವರೇ ಬದಲಿಸಿಕೊಳ್ಳಬಹುದು. ಮತ್ತೊಂದರಲ್ಲಿ ಅದು ತಾನೇ ಬದಲಾಗುತ್ತದೆ. ಅಲ್ಲಾಡದ್ದು ತಾನೇ ಬದಲಾಗುವುದಕ್ಕಿಂತ ಬೇಗ ಅಂತ ಬಂತು. ಜಾಸ್ತಿ ಜನ ಇಷ್ಟಪಟ್ಟದ್ದು ತಾವೇ ಬದಲಿಸಿಕೊಳ್ಳುವ ಮೆನುವನ್ನು. ಇದನ್ನು ಕೇಳಿದಾಗ ನನಗೆ ನಿಜವಾಗಲೂ ಸಮಾಧಾನ ಆಯಿತು. ಕಲಿಸಿದ್ದು ಸರಿಯಾಗಲಿಲ್ಲವೇನೋ ಅಂತ ಅಲ್ಲಿಯವರೆಗೆ ಒಳಗೊಳಗೇ ಕೊರೆಯುತ್ತಿತ್ತು.

ಯೋಚನೆ ಮಾಡಿ ನೋಡಿ, ಬೆರಳಿಗೆ ಅಭ್ಯಾಸ ಆಗುವುದು ಜಾಗ. ನಮ್ಮ ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಮೇಲೆ ಕೂರುವ ಹುಡುಗಿ ಮಾರಾಟಕ್ಕೆ ಎಫ್8, ಖರೀದಿಗೆ ಎಫ್9, ಪಾವತಿಗೆ ಎಫ್5 ಅಂತ ನೋಡದೆ ಒತ್ತುತ್ತಾಳೆ. ಪಕ್ಕದ ಡಿಟಿಪಿ ಅಂಗಡಿಯವರು ಕನ್ನಡ ಟೈಪಿಂಗ್‌ನ ನುಡಿ ಸಾಫ್ಟ್‌ವೇರ್‌ನಲ್ಲಿ ಕಾಗದ ನೋಡಿಕೊಂಡೇ ಲಗ್ನಪತ್ರಿಕೆ ಟೈಪ್ ಮಾಡುತ್ತಾರೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಕ, ಗ, ತ ಎಲ್ಲಿ ಇದ್ದವೋ ಅಲ್ಲೇ ಇವೆ. ಅವರು ಇವತ್ತು ಯಾವ ಅಕ್ಷರ ಜಾಸ್ತಿ ಒತ್ತಿದರು ಅಂತ ನೋಡಿ ನಾಳೆ ಕೀಲಿಗಳು ಜಾಗ ಬದಲಿಸಿದರೆ ಲಗ್ನಪತ್ರಿಕೆ ಏನಾಗಬೇಕು?

ಈಗ ಮೂರನೆಯದು. ವರ್ಷಕ್ಕೆ 3,600. ಮೊದಲು ತೆರೆದಾಗ ಖಾಲಿ ಖಾಲಿ. ಒಂದೂ ಬಟನ್ ಇಲ್ಲ. ಎಲ್ಲವನ್ನೂ ನಾವೇ ಎಳೆದು ಕೂರಿಸಬೇಕು. ಎರಡು ಸಂಜೆ ಹಿಡಿಯಿತು.

ಕೂರಿಸುವ ಉಪಾಯ ಕೊಟ್ಟವನು ನಮ್ಮ ಹುಡುಗ. "ಅಕ್ಕಾ, ಗೋಡನ್‌ನಲ್ಲಿ ಹೆಂಗೈತೋ ಹಂಗೇ ಇಡಿ" ಅಂದ. ಗೋಡೌನ್ ಬಾಗಿಲಲ್ಲಿ ನಿಂತರೆ ಎಡಗಡೆ ಗೋಡೆಗೆ ಯೂರಿಯಾ, ಅದರ ಪಕ್ಕ ಡಿಎಪಿ, ಎದುರಿಗೆ ಕಾಂಪ್ಲೆಕ್ಸ್ ಗೊಬ್ಬರಗಳು, ಬಲಗಡೆ ಮೂಲೆಯಲ್ಲಿ ಪೊಟ್ಯಾಷ್, ಸೂಪರ್ ಫಾಸ್ಫೇಟ್. ಸ್ಕ್ರೀನ್ ಮೇಲೂ ಹಾಗೇ ಇಟ್ಟೆ. 10:26:26 ಮತ್ತು 20:20:0:13 ಅಕ್ಕಪಕ್ಕ ಬಾರದ ಹಾಗೆ ಮಧ್ಯೆ 17:17:17 ಕೂರಿಸಿ, ಮೂರಕ್ಕೂ ಬೇರೆ ಬೇರೆ ಬಣ್ಣ ಕೊಟ್ಟೆ. ಗೋಡೌನ್‌ನಲ್ಲೂ ಅದೇ ಸಾಲಿನಲ್ಲಿ ಚೀಲ ಜೋಡಿಸಿದೆವು. ಮಾವನಿಗೆ ಒಂದೇ ಬೆಳಿಗ್ಗೆ ಸಾಕಾಯಿತು. ಗೋಡೌನ್ ಅವರಿಗೆ ಕತ್ತಲಲ್ಲೂ ಗೊತ್ತು.

ಬೆಳೆಗೆ ಒಂದು ಪುಟ ಮಾಡಿದೆ. ಭತ್ತ, ಕಬ್ಬು, ರಾಗಿ, ತರಕಾರಿ. ಭತ್ತದ ಪುಟದಲ್ಲಿ ಗೊಬ್ಬರದ ಕೆಳಗೆ ಎಂಟಿಯು 1001, ಜ್ಯೋತಿ, ಐಆರ್ 64 ಬೀಜ, ಅದರ ಕೆಳಗೆ ಕಳೆ ಔಷಧಿ. ರಾಗಿ ಪುಟದಲ್ಲಿ ಜಿಪಿಯು 28 ಬೀಜ. ಯೂರಿಯಾ, ಡಿಎಪಿ ಮಾತ್ರ ನಾಲ್ಕೂ ಪುಟದಲ್ಲಿ ಅದೇ ಜಾಗದಲ್ಲಿ. ಪುಟ ಬದಲಿಸುವುದು ನಾವು, ನಮಗೆ ಬೇಕು ಅನಿಸಿದ ದಿನ.

ಹಾಗಂತ ಇದು ಏನೂ ಕಲಿಯುವುದಿಲ್ಲ ಅಂತಲ್ಲ. ಕೆಳಗಡೆ ಒಂದು ಪಟ್ಟಿ ಇದೆ. ಸಾಲದ ಲೆಕ್ಕ ಇರುವ ರೈತರ ಹೆಸರು ತೆಗೆದರೆ ಅವರು ಹಿಂದೆ ತೆಗೆದುಕೊಂಡ ಐದು ಸಾಮಾನು ಆ ಪಟ್ಟಿಯಲ್ಲಿ ಬರುತ್ತದೆ. ಔಷಧಿಗೆ ಇದು ತುಂಬಾ ಉಪಯೋಗ. "ಹೋದ್ಸಲ ಕೊಟ್ಟಿದ್ಯಲ್ಲ, ಅದೇ ಕೊಡವ್ವ" ಅನ್ನುವವರೇ ಜಾಸ್ತಿ ಅಲ್ವಾ! ಮುನ್ನೂರು ಔಷಧಿಯಲ್ಲಿ ಹುಡುಕುವ ಕೆಲಸ ತಪ್ಪಿತು. ಫೋನಿನಲ್ಲಿ ಟೈಪ್ ಮಾಡುವಾಗಲೂ ಮುಂದಿನ ಪದ ಅಕ್ಷರಗಳ ಮೇಲೆ ಬೇರೆ ಪಟ್ಟಿಯಲ್ಲೇ ಬರುತ್ತದೆ, ಅಕ್ಷರಗಳು ಜಾಗ ಬಿಡುವುದಿಲ್ಲ. ಕಲಿಯುವುದು ಅಷ್ಟರ ಮಟ್ಟಿಗೆ ಇರಲಿ, ನನ್ನ ಬೆರಳಿನ ಕೆಳಗಿದ್ದದ್ದನ್ನು ಎಳೆಯದೆ ಇರಲಿ. ನಾನು ಕೇಳುವುದು ಅಷ್ಟೇ.

ಕೊರತೆ ಎರಡಿವೆ. ಕನ್ನಡದಲ್ಲಿ ಉದ್ದ ಹೆಸರು ಹಾಕಿದರೆ ಬಟನ್ ಒಳಗೆ ಅರ್ಧ ಕಟ್ ಆಗುತ್ತದೆ. ಹೆಸರು ಮೊಟಕು ಮಾಡಿ ಬರೆದುಕೊಂಡೆ. ಹೊಸ ಸಾಮಾನು ಬಂದಾಗ ನಾವೇ ನೆನಪಿಟ್ಟು ಪುಟಕ್ಕೆ ಹಾಕಬೇಕು. ಒಂದು ಸಲ ಮರೆತು ಹೊಸ ಕಳೆ ಔಷಧಿ ವಾರಗಟ್ಟಲೆ ಹುಡುಕುವ ಜಾಗದಲ್ಲೇ ಉಳಿದಿತ್ತು. ತಾನೇ ಕಲಿಯುವುದರಲ್ಲಿ ಈ ತಾಪತ್ರಯ ಇರಲಿಲ್ಲ. ಅದನ್ನು ಒಪ್ಪುತ್ತೇನೆ.

ವೇಗ ಮೂರರಲ್ಲೂ ಒಂದೇ ಅನ್ನಬಹುದು. ಇಂಟರ್ನೆಟ್ ಹೋದರೂ ಮೂರೂ ಬಿಲ್ ಹೊಡೆಯುತ್ತವೆ.

ಇನ್ನು ಯಾರಿಗೆ ಯಾವುದು? ನಮ್ಮಕ್ಕ ಕೆ.ಆರ್. ಪೇಟೆಯಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿ ಇಟ್ಟಿದ್ದಾಳೆ. ಒಬ್ಬಳೇ ಕೂರುತ್ತಾಳೆ. ದಾರ, ಗುಂಡಿ, ಲೈನಿಂಗ್ ಬಟ್ಟೆ ವರ್ಷವಿಡೀ ಒಂದೇ ಥರ ಹೋಗುತ್ತದೆ. ನನ್ನ ಮಾತು ಕೇಳಿ ಕೊಂಡ ಅದೇ ತಾನೇ ಕಲಿಯುವ ಸಾಫ್ಟ್‌ವೇರ್ ಅವಳಲ್ಲಿ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಬಟನ್‌ಗಳು ಒಂದು ತಿಂಗಳಲ್ಲಿ ನೆಲೆ ನಿಂತವು, ಆಮೇಲೆ ಅಲ್ಲಾಡಲಿಲ್ಲ. ಅವಳಿಗೆ ಬದಲಿಸು ಅಂತ ನಾನು ಹೇಳುವುದಿಲ್ಲ. ಮೂವತ್ತು ನಲವತ್ತು ಸಾಮಾನು ಮಾತ್ರ ಇರುವ ಅಂಗಡಿಗೆ ನಂಬರ್ ಸಾಫ್ಟ್‌ವೇರ್ ಸಾಕು, ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ. ಒಂದೇ ಕಂಪ್ಯೂಟರ್‌ಗೆ ಎರಡು ಮೂರು ಕೈ ಇರುವ ಕಡೆ, ಸಾಮಾನು ಬೆಳೆ ಜೊತೆ ಬದಲಾಗುವ ಕಡೆ, ಒಂದು ಬಟನ್ ತಪ್ಪಿದರೆ ಬೇರೆಯವರ ಗದ್ದೆಗೆ ಏಟು ಬೀಳುವ ಕಡೆ, ನಾವೇ ಜೋಡಿಸಿಕೊಳ್ಳುವುದನ್ನೇ ತೆಗೆದುಕೊಳ್ಳಿ.

ಕೊಳ್ಳುವ ಮುಂಚೆ ಡೆಮೊ ಕೇಳುವುದಾದರೆ ಏಪ್ರಿಲ್‌ನಲ್ಲಿ ಕೇಳಬೇಡಿ, ನಾನು ಮಾಡಿದ ತಪ್ಪು ಅದೇ. ಅಂಗಡಿ ತುಂಬಿರುವ ವಾರದಲ್ಲಿ ಕೇಳಿ. ಹಳೆಯದನ್ನು ಪಕ್ಕದಲ್ಲೇ ಇಟ್ಟುಕೊಂಡು ಎರಡು ದಿನ ಹೊಸದರಲ್ಲಿ ಬಿಲ್ ಹೊಡೆಯಿರಿ. ಊಟಕ್ಕೆ ಎದ್ದು ವಾಪಸ್ ಬಂದಾಗ ಸ್ಕ್ರೀನ್ ಹೇಗಿತ್ತೋ ಹಾಗೇ ಇದೆಯಾ ನೋಡಿ.

ಈ ವರ್ಷ ನಾಲೆಗೆ ನೀರು ಬಿಟ್ಟ ದಿನ ನಾನು ಹತ್ತೂವರೆಗೆ ಅಂಗಡಿಗೆ ಬಂದಾಗ ಮಾವ ಅಷ್ಟರಲ್ಲೇ ರಾಗಿ ಪುಟ ಮುಚ್ಚಿ ಭತ್ತದ ಪುಟ ತೆಗೆದಿಟ್ಟಿದ್ದರು. ಹೊಳಲಿನ ಯಜಮಾನರು ಮೊದಲ ಸಾಲಿನಲ್ಲೇ ನಿಂತಿದ್ದರು. ಆರು ಚೀಲ ಹತ್ತಿಪ್ಪತ್ತಾರು. ಬಿಲ್ ಅವರ ಕೈಗೆ ಕೊಟ್ಟೆ, ಅವರು ಅಂಕಿ ಓದಿಕೊಂಡು ಗೋಡೌನ್ ಕಡೆ ಹೋದರು.